ಕಲ್ಲು ಓದಿಸಿದ ಮೇಷ್ಟರು
ಮೂವರು ರೈಸ್‌ಗಳು ಮತ್ತು ಹಾಸನ ಸೀಮೆಯ ಶಾಸನಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಹಳೆಯ ಊರುಗಳನ್ನು ಸುತ್ತಿದವರಿಗೆ ಬರಹದ ಕಲ್ಲುಗಳು ಹೊಸತಲ್ಲ. ಒಂದು ಕಡೆ ಈಶ್ವರನ ಗುಡಿಯ ಮುಂದೆ ನೆಟ್ಟಗೆ ನಿಂತಿರುತ್ತದೆ. ಇನ್ನೊಂದು ಕಡೆ ಕೆರೆಯ ತೂಬಿನ ಪಕ್ಕದಲ್ಲಿ ಅರ್ಧ ಹೂತುಹೋಗಿರುತ್ತದೆ. ಮತ್ತೊಂದು ಕಡೆ ಅದರ ಮೇಲೆಯೇ ಬಟ್ಟೆ ಒಗೆಯುತ್ತಿರುತ್ತಾರೆ. "ಏನು ಬರೆದಿದೆ?" ಎಂದು ಕೇಳಿದರೆ, "ನಿಧಿ ಇರುವ ಜಾಗ ಬರೆದಿದೆಯಂತೆ" ಎಂಬ ಉತ್ತರ ಬರುವುದೂ ಉಂಟು. ಈ 'ಅಂತೆ'ಯನ್ನು ನಂಬಿ ರಾತ್ರೋರಾತ್ರಿ ಕಲ್ಲು ಕಿತ್ತು, ಒಡೆದು, ಕೆಳಗೆ ಗುಂಡಿ ತೋಡಿದವರು ಇದ್ದಾರೆ. ಅವರಿಗೆ ಸಿಕ್ಕಿದ್ದು ಮಣ್ಣು. ಕಲ್ಲಿನ ಮೇಲೆ ಬರೆದಿದ್ದು ಹೆಚ್ಚಾಗಿ ಒಂದು ಕೆರೆ ಕಟ್ಟಿಸಿದ ಸಂಗತಿ, ಒಂದು ಗದ್ದೆ ದಾನ ಕೊಟ್ಟ ಸಂಗತಿ, ಇಲ್ಲವೇ ದನ ಹಿಡಿದುಕೊಂಡು ಹೋಗುತ್ತಿದ್ದವರ ಮೇಲೆ ಬಿದ್ದು ಸತ್ತ ಒಬ್ಬ ಹುಡುಗನ ಸಂಗತಿ.

ಅದರಲ್ಲಿ ಬರೆದಿರುವುದು ಇಷ್ಟೇ ಎಂದು ನಮಗೆ ಇಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿರುವುದಕ್ಕೆ ಮುಖ್ಯ ಕಾರಣ ಒಂದು ದಪ್ಪ ಪುಸ್ತಕ. ೧೯೦೨ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಅದರ ಹೆಸರು 'ಎಪಿಗ್ರಾಫಿಯಾ ಕರ್ನಾಟಿಕ', ಐದನೆಯ ಸಂಪುಟ, ಹಾಸನ ಜಿಲ್ಲೆಯ ಶಾಸನಗಳು. ಸಂಪಾದಕರು ಬೆಂಜಮಿನ್ ಲೂಯಿಸ್ ರೈಸ್. ಹುಟ್ಟಿನಿಂದ ಬೆಂಗಳೂರಿನವರು, ವೃತ್ತಿಯಿಂದ ಮೇಷ್ಟರು, ಕೊನೆಗೆ ಮೈಸೂರು ಮಹಾರಾಜರ ಸರ್ಕಾರದ ಪುರಾತತ್ವ ಅಧಿಕಾರಿ.

ಅರಸರ ಸೇವೆಯಲ್ಲಿದ್ದುಕೊಂಡು ಹಳೆಯದನ್ನು ಹುಡುಕುವ ವಿದ್ವಾಂಸರು ಇಂಗ್ಲೆಂಡಿನಲ್ಲಿ ಹಿಂದಿನಿಂದಲೂ ಇದ್ದರು. ಅವರಲ್ಲಿ ಹೆಸರಾದವರು ವಿಲಿಯಂ ಕ್ಯಾಮ್‌ಡನ್ (೧೫೫೧–೧೬೨೩). ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಕ್ಯಾಮ್‌ಡನ್ ರಜೆ ಸಿಕ್ಕಾಗಲೆಲ್ಲ ಊರೂರು ಅಲೆದು, ಕಲ್ಲುಬರಹ, ನಾಣ್ಯ, ಊರಿನ ಹೆಸರುಗಳನ್ನು ಬರೆದುಕೊಂಡು ೧೫೮೬ರಲ್ಲಿ 'ಬ್ರಿಟಾನಿಯ' ಎಂಬ ಗ್ರಂಥ ತಂದರು. ೧೫೯೭ರಲ್ಲಿ ರಾಣಿ ಒಂದನೆಯ ಎಲಿಜಬೆತ್‌ಳ ಆಸ್ಥಾನದಲ್ಲಿ, ವಂಶಗಳ ಲಾಂಛನಗಳನ್ನೂ ವಂಶಾವಳಿಗಳನ್ನೂ ನೋಡಿಕೊಳ್ಳುವ ದೊಡ್ಡ ಹುದ್ದೆ ಸಿಕ್ಕಿತು. ಮೊದಲು ಶಾಲೆ, ಆಮೇಲೆ ಕಲ್ಲು, ಕೊನೆಗೆ ಅರಸರ ಹುದ್ದೆ. ಮುನ್ನೂರು ವರ್ಷಗಳ ನಂತರ ಮೈಸೂರು ಸೀಮೆಯಲ್ಲಿ ರೈಸ್ ನಡೆದ ದಾರಿಯೂ ಹೆಚ್ಚುಕಡಿಮೆ ಇದೇ.

ಅವೆನ್ಯೂ ರಸ್ತೆಯ ಮನೆತನ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಳ್ಳಲು ಹೋದ ವಿದ್ಯಾರ್ಥಿಗಳು ಅಲ್ಲಿನ ರೈಸ್ ಸ್ಮಾರಕ ಚರ್ಚನ್ನು ನೋಡಿರುತ್ತಾರೆ. ಅದು ಶಾಸನದ ರೈಸ್ ಅವರ ಹೆಸರಿನದಲ್ಲ, ಅವರ ತಂದೆಯ ಹೆಸರಿನದು. ತಂದೆಯೂ ಬೆಂಜಮಿನ್ ರೈಸ್ ಎಂದೇ. ಅವರು ಲಂಡನ್ ಮಿಷನರಿ ಸೊಸೈಟಿಯವರಾಗಿ ೧೮೩೭ರಲ್ಲಿ ಬೆಂಗಳೂರಿಗೆ ಬಂದು, ೧೮೮೭ರಲ್ಲಿ ತೀರಿಕೊಳ್ಳುವವರೆಗೆ ಐವತ್ತು ವರ್ಷ ಇಲ್ಲೇ ಇದ್ದರು. ಧರ್ಮಪ್ರಚಾರ ಅವರ ಕೆಲಸವಾಗಿತ್ತು. ಅದರ ಜೊತೆಗೆ ಶಾಲೆಗಳನ್ನು ನಡೆಸಿದರು, ಕನ್ನಡದಲ್ಲಿ ಶಾಲಾ ಪುಸ್ತಕಗಳನ್ನು ಬರೆದರು, ಕನ್ನಡ ಬೈಬಲಿನ ಅನುವಾದ ತಿದ್ದುವ ಕೆಲಸದಲ್ಲಿ ಕೈಜೋಡಿಸಿದರು. ಇದರಿಂದಾಗಿ ಮನೆಯಲ್ಲಿ ಕನ್ನಡ ಎಂಬುದು ಆಳುಕಾಳುಗಳ ಜೊತೆ ಆಡುವ ಮಾತಷ್ಟೇ ಆಗಿರಲಿಲ್ಲ; ಮೇಜಿನ ಮೇಲೆ ಇಟ್ಟು ತಿದ್ದುವ, ತೂಗುವ ಭಾಷೆಯಾಗಿತ್ತು.

ತಂದೆ ಬಂದ ವರ್ಷವೇ, ೧೮೩೭ರ ಜುಲೈ ೧೭ರಂದು ಲೂಯಿಸ್ ರೈಸ್ ಬೆಂಗಳೂರಿನಲ್ಲಿ ಹುಟ್ಟಿದರು. ಓದಿಗೆಂದು ಇಂಗ್ಲೆಂಡಿಗೆ ಹೋಗಿ, ಬಿ.ಎ. ಮುಗಿಸಿ, ೧೮೬೦ರಲ್ಲಿ ಹಿಂತಿರುಗಿದಾಗ ಅವರಿಗೆ ಇಪ್ಪತ್ತಮೂರು ವರ್ಷ. ಬಂದ ಕೂಡಲೇ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜು ಆದದ್ದು ಇದೇ ಶಾಲೆ.

ಮನೆತನದ ಮೂರನೆಯವರು ತಮ್ಮ ಎಡ್ವರ್ಡ್ ಪೀಟರ್ ರೈಸ್. ಅವರು ತಂದೆಯ ದಾರಿ ಹಿಡಿದು ಮಿಷನರಿಯಾದರು. ಆದರೆ ಕನ್ನಡಿಗರು ಅವರನ್ನು ನೆನೆಯುವುದು ೧೯೧೫ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆಗಾಗಿ. ೧೯೨೧ರಲ್ಲಿ ಅದರ ಪರಿಷ್ಕೃತ ಮುದ್ರಣ ಬಂತು. ಕನ್ನಡ ಬಾರದವರಿಗೆ ಪಂಪ, ರನ್ನ, ಬಸವಣ್ಣ, ಕುಮಾರವ್ಯಾಸರ ಪರಿಚಯ ಮಾಡಿಕೊಟ್ಟ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ತಂದೆ ಶಾಲಾ ಪುಸ್ತಕ, ಹಿರಿಯ ಮಗ ಶಾಸನ, ಕಿರಿಯ ಮಗ ಸಾಹಿತ್ಯ ಚರಿತ್ರೆ. ಒಂದೇ ಮನೆಯಿಂದ ಇಷ್ಟು ಕನ್ನಡದ ಕೆಲಸ ನಡೆದ ಉದಾಹರಣೆ ಕನ್ನಡಿಗರ ಮನೆಗಳಲ್ಲೂ ಬಹಳ ಇಲ್ಲ.

ಕುದುರೆಯ ಮೇಲೆ ಇನ್‌ಸ್ಪೆಕ್ಟರು

೧೮೬೫ರಲ್ಲಿ ಲೂಯಿಸ್ ರೈಸ್ ಶಾಲಾ ಇನ್‌ಸ್ಪೆಕ್ಟರಾದರು. ೧೮೬೮ರಲ್ಲಿ ಜಾನ್ ಗ್ಯಾರೆಟ್ ಅವರ ಸ್ಥಾನದಲ್ಲಿ ಮೈಸೂರು ಮತ್ತು ಕೊಡಗಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಅದೇ ವರ್ಷ ಮಂಜೂರಾದ ಹೋಬಳಿ ಶಾಲೆಗಳ ಯೋಜನೆ ರೈಸ್ ಸಿದ್ಧಪಡಿಸಿದ್ದು. ಪಟ್ಟಣದ ಮಕ್ಕಳಿಗಷ್ಟೇ ಇದ್ದ ಸರ್ಕಾರಿ ಶಾಲೆ ಹೋಬಳಿಗೊಂದಾದರೂ ಇರಲಿ ಎಂಬುದು ಅದರ ಉದ್ದೇಶ. ಹಳ್ಳಿಗಾಡಿನ ಓದಿನ ಚರಿತ್ರೆಯಲ್ಲಿ ಇದು ಸಣ್ಣ ಹೆಜ್ಜೆಯಲ್ಲ. ಶಾಸನದ ಹೆಸರಿನ ಮುಂದೆ ಇದು ಮರೆತುಹೋಗಿರುವುದು ನ್ಯಾಯವಲ್ಲ.

ಶಾಲೆ ತಪಾಸಣೆಗೆ ಅಂದು ಕುದುರೆಯ ಮೇಲೆ ಹೋಗಬೇಕು, ದಾರಿಯಲ್ಲಿ ಊರೂರು ಇಳಿಯಬೇಕು. ಇಳಿದಲ್ಲೆಲ್ಲ ಕಲ್ಲುಗಳಿದ್ದವು. ಅಷ್ಟರಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಸೀಮೆಯ ಸುಮಾರು ೧೫೦ ಶಾಸನಗಳ ಫೋಟೋ ತೆಗೆದಿದ್ದರು, ಓದುವವರು ಇರಲಿಲ್ಲ. ಕೆಲಸ ರೈಸ್ ಅವರ ಕೈಗೆ ಬಂತು. ಪಂಡಿತರನ್ನು ಜೊತೆಗೆ ಕೂರಿಸಿಕೊಂಡು, ಹಳಗನ್ನಡದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ, ೧೮೭೯ರಲ್ಲಿ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' ಪ್ರಕಟಿಸಿದರು. ಇದರ ನಡುವೆಯೇ ಮೈಸೂರು–ಕೊಡಗುಗಳ ಗೆಜೆಟಿಯರ್ ಮೂರು ಸಂಪುಟಗಳಲ್ಲಿ ಬಂತು.

ಆ ಗೆಜೆಟಿಯರಿನಲ್ಲಿ ನಮ್ಮ ಪಟ್ಟಣಗಳ ಕತೆಗಳೂ ಇವೆ. ನಾಯಕನೊಬ್ಬ ಬೇಟೆಗೆ ಹೊರಟಾಗ ಮೊಲವೊಂದು ಅಡ್ಡಬಂದು ಪಟ್ಟಣದ ಬಾಗಿಲೊಳಗೆ ನುಗ್ಗಿತಂತೆ. ಅಪಶಕುನವಾಯಿತೆಂದು ಅವನು ನೊಂದಾಗ ನಗುಮುಖದ ದೇವಿ ಕಾಣಿಸಿಕೊಂಡು ಬೇರೆಡೆ ಊರು ಕಟ್ಟಿಸಿದಳಂತೆ, ಅದೇ ಹಾಸನ. ಅರಕಲಗೂಡು 'ಅರ್ಕ'ನ, ಎಂದರೆ ಸೂರ್ಯನ ಊರು. ೧೫೬೮ರ ಸುಮಾರಿಗೆ ಕೃಷ್ಣಪ್ಪನಾಯಕ ಕಟ್ಟಿಸಿದ್ದು. ಚನ್ನರಾಯಪಟ್ಟಣ ಮೊದಲು ಕೊಳತೂರು ಎಂಬ ಅಗ್ರಹಾರ. ಹೊಳೆನರಸೀಪುರದ ನಾಯಕ ಅದನ್ನು ಗೆದ್ದು, ಚನ್ನರಾಯಸ್ವಾಮಿಯ ಹರಕೆಯಿಂದ ಹುಟ್ಟಿದ ತನ್ನ ಮಗನಿಗೆ ಕೊಟ್ಟಾಗ ಹೆಸರು ಬದಲಾಯಿತು. ಮೊಲದ ಕತೆಯನ್ನು ಯಾರೂ ಚರಿತ್ರೆ ಎನ್ನುವುದಿಲ್ಲ. ಆದರೆ ಊರಿನವರು ಹೇಳಿದ್ದನ್ನು ಊರಿನವರು ಹೇಳಿದ್ದು ಎಂದೇ ಬರೆದಿಡುವ ಅಭ್ಯಾಸ ಒಳ್ಳೆಯದು.

೧೮೮೧ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ೧೮೮೫ರಲ್ಲಿ ಪುರಾತತ್ವ ಇಲಾಖೆ ಶುರುವಾಯಿತು. ದೇಶೀ ಸಂಸ್ಥಾನವೊಂದು ತನ್ನ ಕಲ್ಲುಗಳನ್ನು ಓದಿಸಲೆಂದೇ ಒಂದು ಇಲಾಖೆ ತೆರೆದದ್ದು ಅಂದಿಗೆ ದೊಡ್ಡ ಮಾತು. ಮೊದಲು ರೈಸ್ ಬೇರೆ ಕೆಲಸದ ಜೊತೆಗೆ ಇದನ್ನು ನೋಡಿಕೊಂಡರು. ೧೮೯೦ರಿಂದ ಪೂರ್ಣಾವಧಿ ನಿರ್ದೇಶಕರಾದರು. ೧೮೮೬ರ ಕೊಡಗಿನ ಸಂಪುಟದಿಂದ ೧೯೦೫ರವರೆಗೆ ಹನ್ನೆರಡು ಸಂಪುಟಗಳು, ಸುಮಾರು ೯ ಸಾವಿರ ಶಾಸನಗಳು ಹೊರಬಂದವು. ಪ್ರತಿಯೊಂದಕ್ಕೂ ಕನ್ನಡ ಅಕ್ಷರದ ಪಾಠ, ರೋಮನ್ ಅಕ್ಷರದ ಪಾಠ, ಇಂಗ್ಲಿಷ್ ಅನುವಾದ. ಟೈಪ್‌ರೈಟರೂ ಅಪರೂಪವಾಗಿದ್ದ ಕಾಲದ ಲೆಕ್ಕ ಇದು.

ಅಚ್ಚು ತೆಗೆಯುವುದು, ಲೆಕ್ಕ ಹಾಕುವುದು

ಕಲ್ಲಿನ ಬರಹವನ್ನು ಕಚೇರಿಗೆ ತರುವುದು ಹೇಗೆ? ಕಲ್ಲನ್ನು ತರಲಾಗದು, ನೋಡಿ ಬರೆದುಕೊಂಡರೆ ತಪ್ಪಾಗುತ್ತದೆ. ಇದಕ್ಕೆ ಪಡಿಯಚ್ಚು ಎಂಬ ಉಪಾಯವಿದೆ. ಮೊದಲು ಕಲ್ಲನ್ನು ನೀರು ಹಾಕಿ ಉಜ್ಜಿ ಪಾಚಿ, ಮಣ್ಣು ತೆಗೆಯಬೇಕು. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿಯುತ್ತ ಹೋದರೆ ಕಾಗದ ಅಕ್ಷರದ ತಗ್ಗಿನೊಳಗೆ ಇಳಿದು ಕೂರುತ್ತದೆ. ಮೇಲೆ ಬಟ್ಟೆಯ ಗಂಟಿನಿಂದ ಶಾಯಿ ಒತ್ತಿದಾಗ ಕಲ್ಲಿನ ಮೈ ಇರುವಲ್ಲಿ ಕಪ್ಪು ಹಿಡಿಯುತ್ತದೆ, ತಗ್ಗಿನಲ್ಲಿ ಹಿಡಿಯುವುದಿಲ್ಲ. ಒಣಗಿಸಿ ತೆಗೆದರೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಂತೆ ಬಿಳಿಯ ಅಕ್ಷರಗಳು. ಕಣ್ಣಿಗೆ ಕಾಣದೆ ಸವೆದ ಗೀರು ಕೂಡ ಇದರಲ್ಲಿ ಎದ್ದು ಬರುತ್ತದೆ. ಒಂದು ರೂಪಾಯಿ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲು ಉಜ್ಜಿದ ಮಕ್ಕಳಿಗೆ ಇದರ ತತ್ತ್ವ ಬೇರೆ ಹೇಳಬೇಕಾಗಿಲ್ಲ.

ಕಾಲ ನಿರ್ಣಯದಲ್ಲಿ ಇನ್ನೊಂದು ಲೆಕ್ಕವಿದೆ. ಶಾಸನಗಳು ಹೆಚ್ಚಾಗಿ ಶಕವರ್ಷ ಹೇಳುತ್ತವೆ. ಅದಕ್ಕೆ ೭೮ ಕೂಡಿಸಿದರೆ ಕ್ರಿಸ್ತಶಕ (ವರ್ಷದ ಕೊನೆಯ ತಿಂಗಳುಗಳಾದರೆ ೭೯). ವಿಷ್ಣುವರ್ಧನನ ರಾಣಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡ ಸಂಗತಿ ಶ್ರವಣಬೆಳಗೊಳದ ಶಾಸನವೊಂದರಲ್ಲಿದೆ: ಶಕ ೧೦೫೩, ವಿರೋಧಿಕೃತ್ ಸಂವತ್ಸರದ ಚೈತ್ರ. ೧೦೫೩ಕ್ಕೆ ೭೮ ಕೂಡಿಸಿ: ೧೧೩೧. ಅರವತ್ತು ಸಂವತ್ಸರಗಳು ಸರದಿಯಂತೆ ಬರುವುದರಿಂದ, ಆ ಶಕವರ್ಷಕ್ಕೆ ಆ ಸಂವತ್ಸರವೇ ಬರುತ್ತದೆಯೇ ಎಂದು ತಾಳೆ ನೋಡಬಹುದು. ೧೯೮೭ರ ಯುಗಾದಿಗೆ, ಎಂದರೆ ಶಕ ೧೯೦೯ಕ್ಕೆ ಪ್ರಭವ ಬಂತು. ಅಲ್ಲಿಂದ ಹಿಂದಕ್ಕೆ ೮೫೬ ವರ್ಷ ಎಣಿಸಿದರೆ ಪಟ್ಟಿಯ ೪೫ನೆಯ ಹೆಸರು, ವಿರೋಧಿಕೃತ್ ಸಿಕ್ಕುತ್ತದೆ. ಮನೆಯಲ್ಲಿ ಪಂಚಾಂಗವಿದ್ದರೆ ಮಕ್ಕಳು ಇದನ್ನು ತಾವೇ ಮಾಡಿ ನೋಡಬಹುದು. ತಿಥಿ, ವಾರ, ಗ್ರಹಣ ಹೇಳಿದ್ದರೆ ಖಗೋಳದ ಗಣಿತದಿಂದ ಇನ್ನೂ ಬಿಗಿಯಾಗಿ ಪರೀಕ್ಷಿಸಬಹುದು. ಎಲ್ಲ ಸಲವೂ ತಾಳೆಯಾಗುವುದಿಲ್ಲ. ಬರೆದವನ ತಪ್ಪು, ಕೆತ್ತಿದವನ ತಪ್ಪು, ಬಹಳ ಕಾಲದ ಮೇಲೆ ಯಾರೋ ಕೂತು ಸೃಷ್ಟಿಸಿದ ಖೋಟಾ ಶಾಸನ – ಇವೆಲ್ಲ ಹೊರಬೀಳುವುದು ಇಂಥಲ್ಲಿಯೇ.

ಹಾಸನದ ಸಂಪುಟದ ಸೊಗಸು ರಾಜರ ಬಿರುದುಗಳಲ್ಲಿ ಇಲ್ಲ. ಬಿರುದುಗಳನ್ನು ಎರಡು ಪುಟ ಓದಿದರೆ ಯಾರಿಗಾದರೂ ಆಕಳಿಕೆ ಬರುತ್ತದೆ. ಅದರ ಸೊಗಸು ಇರುವುದು ಸಾಮಾನ್ಯರ ಹೆಸರುಗಳಲ್ಲಿ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ಗುಡಿ ಇದೆ. ೧೧೧೪ರ ಸುಮಾರಿಗೆ ಅದನ್ನು ಕಟ್ಟಿಸಿದವರು ರಾಜರಲ್ಲ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯನ್ನು ೧೨೪೬ರಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಅಲ್ಲಿನ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂದು ಶಿಲ್ಪಿಗಳು ರುಜು ಹಾಕಿದ್ದಾರೆ. ಎಂಟು ಶತಮಾನದ ಹಿಂದಿನ ಕುಶಲಕರ್ಮಿಯ ಹೆಸರು ಗೊತ್ತಿರುವುದು ಜಗತ್ತಿನಲ್ಲೇ ಅಪರೂಪ. ಹಾಸನ ಸೀಮೆಯಲ್ಲಿ ಅದು ಗುಡಿಗುಡಿಗೂ ಸಿಗುತ್ತದೆ. ಬಳಪದ ಕಲ್ಲು ಕೆತ್ತುವಾಗ ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಅಷ್ಟು ಸಣ್ಣ ಅಕ್ಷರ ಇಂದಿಗೂ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಬೆಳಗೊಳದ ಜಗಳ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆಂದೇ ರೈಸ್ ೧೮೮೯ರಲ್ಲಿ ಬೇರೆ ಸಂಪುಟ ತಂದಿದ್ದರು. ಅದರಲ್ಲಿ ೧೪೪ ಶಾಸನಗಳು. ಮೊದಲನೆಯದೇ ದೊಡ್ಡ ವಿವಾದ ಎಬ್ಬಿಸಿತು. ಚಂದ್ರಗಿರಿ ಬೆಟ್ಟದ ಬಂಡೆಯ ಮೇಲಿರುವ, ಕ್ರಿ.ಶ. ೬೦೦ರ ಸುಮಾರಿನ ಆ ಬರಹ ಭದ್ರಬಾಹುಸ್ವಾಮಿ ಉತ್ತರದಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುವುದೆಂದು ತಿಳಿದು ಹೇಳಿದ್ದನ್ನೂ, ಸಂಘ ದಕ್ಷಿಣಕ್ಕೆ ಬಂದದ್ದನ್ನೂ, ಪ್ರಭಾಚಂದ್ರನೆಂಬ ಮುನಿ ಇಲ್ಲಿ ದೇಹ ಬಿಟ್ಟದ್ದನ್ನೂ ಹೇಳುತ್ತದೆ. ಈ ಪ್ರಭಾಚಂದ್ರನೇ ರಾಜ್ಯ ತೊರೆದು ಬಂದ ಚಂದ್ರಗುಪ್ತ ಮೌರ್ಯ ಎಂದು ರೈಸ್ ವಾದಿಸಿದರು.

ಮುಂಬಯಿ ಪ್ರಾಂತ್ಯದಲ್ಲಿದ್ದ ಜೆ. ಎಫ್. ಫ್ಲೀಟ್ ಒಪ್ಪಲಿಲ್ಲ. ಫ್ಲೀಟ್ ಸಾಮಾನ್ಯರಲ್ಲ, ಕನ್ನಡ ಶಾಸನಗಳಲ್ಲಿ ರೈಸ್ ಅವರಷ್ಟೇ ನುರಿತವರು, ಮಾತಿನಲ್ಲಿ ಅವರಿಗಿಂತ ಹರಿತ. ಇದು ಆ ಭದ್ರಬಾಹುವಲ್ಲ, ಆಮೇಲಿನ ಇನ್ನೊಬ್ಬ. ಚಂದ್ರಗುಪ್ತನಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಗಂಗರ ತಾಮ್ರಪಟಗಳ ಮೇಲೂ ಇವರಿಬ್ಬರ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ರೈಸ್ ನಂಬಿದ ಹಲವು ತಾಮ್ರಪಟಗಳನ್ನು ಫ್ಲೀಟ್ ಖೋಟಾ ಎಂದು ತಳ್ಳಿಹಾಕಿದರು.

ಯಾರು ಗೆದ್ದರು? ತಾಮ್ರಪಟಗಳಲ್ಲಿ ಫ್ಲೀಟ್ ಅವರ ಅನುಮಾನ ಅನೇಕ ಕಡೆ ಸರಿಯಾಗಿತ್ತು. ರೈಸ್ ಕೊಟ್ಟ ಗಂಗರ ಕಾಲಮಾನವನ್ನು ಮುಂದಿನವರು ತಿದ್ದಬೇಕಾಯಿತು. ಆದರೆ ಫ್ಲೀಟ್ ತಳ್ಳಿಹಾಕಿದ್ದೆಲ್ಲವೂ ಸುಳ್ಳಾಗಿರಲಿಲ್ಲ. ಚಂದ್ರಗುಪ್ತನ ವಿಷಯದಲ್ಲಿ ೧೮೯೨ರಲ್ಲಿ ರೈಸ್ ಅವರಿಗೆ ಒಂದು ಬಲ ಬಂತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವರು ಅಶೋಕನ ಬಂಡೆ ಶಾಸನಗಳನ್ನು ಪತ್ತೆ ಮಾಡಿದರು. ಮೌರ್ಯರ ಕೈ ಈ ನೆಲದವರೆಗೆ ಚಾಚಿತ್ತೆಂಬುದು ಅಲ್ಲಿಗೆ ಖಚಿತವಾಯಿತು. ಇತಿಹಾಸಕಾರ ವಿನ್ಸೆಂಟ್ ಸ್ಮಿತ್ ಮುಂದೆ ಬೆಳಗೊಳದ ಐತಿಹ್ಯವನ್ನು ಸ್ಥೂಲವಾಗಿ ನಂಬಬಹುದೆಂಬ ಕಡೆಗೆ ವಾಲಿದರು. ಆದರೂ ಒಂದು ಲೆಕ್ಕ ಮರೆಯಬಾರದು. ಘಟನೆ ನಡೆದದ್ದು ಕ್ರಿಸ್ತಪೂರ್ವ ೩೦೦ರ ಸುಮಾರಿಗೆ. ಬರಹ ಕ್ರಿಸ್ತಶಕ ೬೦೦ರದು. ನಡುವೆ ೯೦೦ ವರ್ಷ. ಆ ಬಂಡೆ ನಿಸ್ಸಂದೇಹವಾಗಿ ಹೇಳುವುದು ೬೦೦ರ ಜನ ಏನನ್ನು ನಂಬಿದ್ದರು ಎಂಬುದನ್ನು. ಅದಕ್ಕಿಂತ ಹೆಚ್ಚು ಹೇಳಿಸಬೇಕಾದರೆ ಬೇರೆ ಸಾಕ್ಷಿ ಬೇಕು.

ನಮ್ಮವರ ಸರದಿ

ಈ ಕೆಲಸವನ್ನು ರೈಸ್ ಒಬ್ಬರೇ ಮಾಡಿದರೆಂದು ತಿಳಿದರೆ ತಪ್ಪಾಗುತ್ತದೆ. ಬಿಸಿಲಲ್ಲಿ ಕಲ್ಲು ತೊಳೆದವರು, ಅಚ್ಚು ತೆಗೆದವರು, ಹಳಗನ್ನಡ ಬಿಡಿಸಿದ ಪಂಡಿತರು ಬಹುಮಂದಿ. ಪುಸ್ತಕದ ಬೆನ್ನಿನ ಮೇಲೆ ಅವರ ಹೆಸರಿಲ್ಲ. ಅವರಲ್ಲಿ ಮುಂದೆ ಹೆಸರಾದವರು ಆರ್. ನರಸಿಂಹಾಚಾರ್ಯರು. ೧೮೯೯ರಲ್ಲಿ ರೈಸ್ ಅವರ ಸಹಾಯಕರಾಗಿ ಸೇರಿ, ೧೯೦೬ರಲ್ಲಿ ರೈಸ್ ನಿವೃತ್ತರಾದಾಗ ಇಲಾಖೆಯ ಹೊಣೆ ಹೊತ್ತು, ೧೯೨೨ರವರೆಗೆ ನಡೆಸಿದರು. ಮಹಾರಾಜರು ಅವರಿಗೆ 'ಪ್ರಾಕ್ತನ ವಿಮರ್ಶ ವಿಚಕ್ಷಣ' ಎಂಬ ಬಿರುದು ಕೊಟ್ಟರು. ೧೯೧೮ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು ಇಲ್ಲದೆ ಕನ್ನಡ ಎಂ.ಎ. ಪಾಠ ಇಂದಿಗೂ ನಡೆಯದು.

ಶ್ರವಣಬೆಳಗೊಳಕ್ಕೆ ನರಸಿಂಹಾಚಾರ್ಯರು ಮತ್ತೆ ಹೋದರು. ರೈಸ್ ಅವರ ೧೪೪ ಶಾಸನಗಳು ೧೯೨೩ರ ಪರಿಷ್ಕೃತ ಸಂಪುಟದಲ್ಲಿ ೫೦೦ ಆದವು. ಅದೇ ಬೆಟ್ಟ, ಅದೇ ಬಂಡೆ. ನೋಡಿದ ಕಣ್ಣು ಬೇರೆ. ಬೆಂಗಳೂರಿನ ಹೆಸರು ಇರುವ ಬೇಗೂರಿನ ವೀರಗಲ್ಲನ್ನು ಬೆಳಕಿಗೆ ತಂದವರೂ ಅವರೇ. ಹಾಸನ ಜಿಲ್ಲೆಯಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ರೈಸ್ ಅವರ ೧೯೦೨ರ ಸಂಪುಟದಲ್ಲಿಲ್ಲ. ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣ ಅದನ್ನು ಕಂಡುಹಿಡಿದಾಗ, ಕ್ರಿ.ಶ. ೪೫೦ರ ಸುಮಾರಿನ ಹದಿನಾರು ಸಾಲುಗಳ ಆ ಬರಹ ಕನ್ನಡದ ಮೊದಲ ಶಾಸನವೆಂದು ಹೆಸರಾಯಿತು. ಅದಕ್ಕಿಂತ ಹಳೆಯದು ತಾಳಗುಂದದಲ್ಲಿದೆ ಎಂಬ ಚರ್ಚೆ ಈಚಿನದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೨ರಿಂದ ಎಲ್ಲ ಸಂಪುಟಗಳನ್ನೂ ಪರಿಷ್ಕರಿಸಲು ತೊಡಗಿದಾಗ ಹಾಸನ ಜಿಲ್ಲೆಗೆ ಒಂದು ಸಂಪುಟ ಸಾಲಲಿಲ್ಲ.

ರೈಸ್ ಇಂಗ್ಲೆಂಡಿಗೆ ಹೋದ ಮೇಲೆ ತಮ್ಮ ಕೆಲಸದ ಸಾರವನ್ನು ೧೯೦೯ರಲ್ಲಿ ಒಂದು ಪುಸ್ತಕ ಮಾಡಿದರು. ೧೯೨೭ರ ಜುಲೈ ೧೦ರಂದು ಲಂಡನ್ನಿನ ಬಳಿಯ ಹ್ಯಾರೋದಲ್ಲಿ ತೀರಿಕೊಂಡರು. ಇನ್ನೊಂದು ವಾರ ಕಳೆದಿದ್ದರೆ ತೊಂಬತ್ತು ತುಂಬುತ್ತಿತ್ತು.

ಅವರು ಪಟ್ಟಿ ಮಾಡಿದ ಕಲ್ಲುಗಳು ಎಲ್ಲ ಇವೆಯೇ? ಇಲ್ಲ. ಬೆಂಗಳೂರಿನಲ್ಲಿ ೨೦೨೧ರಿಂದ ಮಿಥಿಕ್ ಸೊಸೈಟಿಯವರು ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಲು ಹೊರಟಾಗ, ರೈಸ್ ಕಂಡಿದ್ದ ಹಲವು ಕಲ್ಲುಗಳು ಜಾಗದಲ್ಲಿರಲಿಲ್ಲ. ರಸ್ತೆಗೆ, ಅಡಿಪಾಯಕ್ಕೆ, ಚರಂಡಿಯ ಚಪ್ಪಡಿಗೆ ಹೋದದ್ದು ಎಷ್ಟೋ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಮುಳುಗುವುದನ್ನು ನೋಡಲು ಜನ ಹೋಗುತ್ತಾರೆ; ಊರು ಮುಳುಗುವುದು ಎಂದರೇನೆಂದು ಅಲ್ಲಿ ಕಣ್ಣಾರೆ ಕಾಣುತ್ತದೆ. ಕಲ್ಲು ಹೋದಲ್ಲಿ ಪುಸ್ತಕದ ಪಾಠವೊಂದೇ ಉಳಿಯುತ್ತದೆ.

ಹಾಸನದ ಸಂಪುಟ ಈಗ ಅಂತರಜಾಲದಲ್ಲೂ ಸಿಗುತ್ತದೆ. ತಾಲ್ಲೂಕುವಾರು ವಿಂಗಡಿಸಿದೆ, ಪ್ರತಿ ಶಾಸನಕ್ಕೂ ಕ್ರಮಸಂಖ್ಯೆ, ಊರಿನ ಹೆಸರು, ಕಲ್ಲು ಎಲ್ಲಿತ್ತು ಎಂಬ ವಿವರ ಇದೆ. ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಪುಟ ತೆರೆದು, ಅಲ್ಲಿ ಹೇಳಿದ ಜಾಗಕ್ಕೆ ಹೋಗಿ, ಕಲ್ಲು ಇದೆಯೇ ಇಲ್ಲವೇ ಎಂದು ಬರೆದುಕೊಳ್ಳಬಹುದು. ಇದ್ದರೆ ಅದರ ಮೇಲೆ ಎಣ್ಣೆ, ಸುಣ್ಣ, ಬಣ್ಣ ಬಳಿಯಬಾರದು. ಮೊಳೆಯಿಂದ ಅಕ್ಷರ ಕೆರೆಯಬಾರದು. ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಬಿಸಿಲಿನಲ್ಲಿ ಫೋಟೋ ತೆಗೆದರೆ ತಗ್ಗಿನಲ್ಲಿ ನೆರಳು ನಿಂತು ಅಕ್ಷರ ಸ್ಪಷ್ಟವಾಗುತ್ತದೆ. ಪುಸ್ತಕದಲ್ಲಿ ಇಲ್ಲದ ಕಲ್ಲು ಕಂಡರೆ ಮೈಸೂರಿನ ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆದರೆ ಸಾಕು.